ಹತ್ತು ಸಾವಿರ ರಿಪೋರ್ಟು, ಒಂದೇ ತೀರ್ಮಾನ

ಒಂದು ಕಾಮೆಂಟನ್ನು ಎಷ್ಟು ಹೆಚ್ಚು ಮಂದಿ ರಿಪೋರ್ಟ್ ಮಾಡಿದರೆ ಅದು ಅಷ್ಟು ಖಚಿತವಾಗಿ ಅಳಿಸಿಹೋಗುತ್ತದೆ ಎಂಬ ನಂಬಿಕೆ ಚೀನೀ ಧಾರಾವಾಹಿಗಳ ಅಭಿಮಾನಿ ಬಳಗಗಳಲ್ಲಿ ಬೇರೂರಿದೆ. ಅದನ್ನು ಕಿತ್ತುಹಾಕಲು ನಾನು ವರ್ಷಗಳಿಂದ ಹೆಣಗುತ್ತಿದ್ದೇನೆ. ಏಷ್ಯಾದ ಧಾರಾವಾಹಿಗಳ ಪ್ರೇಕ್ಷಕರು ಇಂಗ್ಲಿಷಿನಲ್ಲಿ ಬರೆಯುವ ಕಾಮೆಂಟುಗಳನ್ನೂ ಅವುಗಳ ಮೇಲೆ ಬರುವ ದೂರುಗಳನ್ನೂ ಪರಿಶೀಲಿಸುವ ತಂಡಕ್ಕೆ ಬೆಂಗಳೂರಿನಲ್ಲಿ ತರಬೇತಿ ಕೊಡುವುದು ನನ್ನ ವೃತ್ತಿ. ಭಾರತದಲ್ಲಿ 2020ರ ಜೂನ್‌ನಲ್ಲಿ ಚೀನಾದ ಸಾಮಾಜಿಕ ಜಾಲತಾಣ ವೀಬೊ, ಅದೇ ವರ್ಷದ ನವೆಂಬರ್‌ನಲ್ಲಿ ಚೀನೀ ಧಾರಾವಾಹಿಗಳ ಆ್ಯಪ್ ವೀಟಿವಿ ನಿಷೇಧಕ್ಕೊಳಗಾದವು. ಆದರೂ ಯೂಟ್ಯೂಬ್, ನೆಟ್‌ಫ್ಲಿಕ್ಸ್, ವಿಕಿ (Viki, ಏಷ್ಯಾದ ಧಾರಾವಾಹಿಗಳ ತಾಣ) ಇವುಗಳ ಮೂಲಕ ಧಾರಾವಾಹಿಗಳು ಬರುತ್ತಲೇ ಇವೆ, ಅವುಗಳ ಬೆನ್ನಿಗೆ ಜಗಳಗಳೂ ಬರುತ್ತವೆ.

ಜಗಳದ ಮೂಲ ಹೊರಗಿನವರಿಗೆ ಹಾಸ್ಯಾಸ್ಪದವಾಗಿ ಕಾಣಬಹುದು. ಪೋಸ್ಟರಿನಲ್ಲಿ ಯಾರ ಹೆಸರು ಮೊದಲು ಬಂತು, ಯಾರ ಮುಖ ಅರ್ಧ ಅಂಗುಲ ಮುಂದಿದೆ ಎಂಬುದರ ಮೇಲೆ ರಾತ್ರಿಯಿಡೀ ಯುದ್ಧ ನಡೆಯುತ್ತದೆ. ಇದನ್ನು ಬಲ್ಲ ನಿರ್ಮಾಪಕರು, ಕಲಾವಿದರ ಹೆಸರುಗಳನ್ನು ಮನೆತನದ ಹೆಸರಿನ ಅಕ್ಷರದಲ್ಲಿರುವ ಗೆರೆಗಳ ಎಣಿಕೆಯಂತೆ ಜೋಡಿಸಲಾಗಿದೆ ಎಂದು ಪೋಸ್ಟರಿನಲ್ಲೇ ಅಚ್ಚುಹಾಕಿಸಿ ಪಾರಾಗಲು ನೋಡುವುದುಂಟು. ನಾಯಕನೊಬ್ಬನನ್ನೇ ಆರಾಧಿಸುವವರು, ನಾಯಕಿಯೊಬ್ಬಳನ್ನೇ ಆರಾಧಿಸುವವರು, ಇಬ್ಬರೂ ನಿಜಜೀವನದಲ್ಲಿ ಜೋಡಿಯಾಗಲಿ ಎನ್ನುವವರು ಎಂದು ಮೂರು ಪಂಗಡಗಳು ಏಳುತ್ತವೆ. ಮೊದಲ ಎರಡು ಪಂಗಡಗಳು ಪರಸ್ಪರ ಕಚ್ಚಾಡುತ್ತವೆ, ಮೂರನೆಯದನ್ನು ಮಾತ್ರ ಒಟ್ಟಾಗಿ ದ್ವೇಷಿಸುತ್ತವೆ.

ಇನ್ನು ರಿಪೋರ್ಟಿನ ವಿಷಯ. ವಿವರಗಳು ವೇದಿಕೆಯಿಂದ ವೇದಿಕೆಗೆ ಬದಲಾಗುವುದರಿಂದ ನಾನು ಹೇಳುವುದನ್ನು ಎಲ್ಲೆಡೆಗೂ ಅನ್ವಯಿಸಬಾರದು. ನಾನು ಬಲ್ಲ ವ್ಯವಸ್ಥೆಗಳ ಕ್ರಮ ಸ್ಥೂಲವಾಗಿ ಹೀಗಿದೆ. ಕಾಮೆಂಟಿನ ಮೇಲೆ ಬಂದ ಮೊದಲ ರಿಪೋರ್ಟು ಅದನ್ನು ಪರಿಶೀಲನೆಯ ಸಾಲಿಗೆ ಸೇರಿಸುತ್ತದೆ. ಎರಡನೆಯದರಿಂದ ಹತ್ತು ಸಾವಿರದವರೆಗಿನವು ಅದೇ ಕಡತಕ್ಕೆ ಹೋಗಿ ಸೇರುತ್ತವೆಯೇ ಹೊರತು ಹತ್ತು ಸಾವಿರ ಕಡತಗಳು ಹುಟ್ಟುವುದಿಲ್ಲ. ಸಂಖ್ಯೆ ಹೆಚ್ಚಿದಾಗ ಆ ಕಡತ ಸಾಲಿನಲ್ಲಿ ಮುಂದೆ ಬರಬಹುದು, ಕೆಲವೆಡೆ ಪರಿಶೀಲನೆ ಮುಗಿಯುವವರೆಗೆ ಕಾಮೆಂಟು ಮರೆಯಾಗಿರಲೂಬಹುದು. ಆದರೆ ಕಡತ ತೆರೆದ ಪರಿಶೀಲಕಿ ಉತ್ತರಿಸಬೇಕಾದ ಪ್ರಶ್ನೆ ಒಂದೇ: ಈ ವಾಕ್ಯ ನಿಯಮವನ್ನು ಮೀರಿದೆಯೇ, ಇಲ್ಲವೇ? ‘ಈ ನಟನಿಗೆ ನೆಟ್ಟಗೆ ಅಳಲೂ ಬರುವುದಿಲ್ಲ’ ಎಂಬ ಮಾತನ್ನು ಒಬ್ಬರು ರಿಪೋರ್ಟ್ ಮಾಡಿದರೂ ಅದು ಅಭಿಪ್ರಾಯವೇ, ಇಡೀ ಶಾಂಘೈ ನಗರ ರಿಪೋರ್ಟ್ ಮಾಡಿದರೂ ಅಭಿಪ್ರಾಯವೇ. ‘ಇವಳ ಮನೆ ಇಲ್ಲಿದೆ, ಹೋಗಿ ವಿಚಾರಿಸಿಕೊಳ್ಳಿ’ ಎಂಬ ಮಾತನ್ನು ಒಬ್ಬರೇ ತೋರಿಸಿಕೊಟ್ಟರೂ ಅದು ತೆಗೆಯಬೇಕಾದದ್ದೇ.

ಕಾಲೇಜೊಂದರಲ್ಲಿ ಆನ್‌ಲೈನ್ ಸುರಕ್ಷತೆಯ ಕಾರ್ಯಾಗಾರ ನಡೆಸುವಾಗ ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೂ ದಾವಣಗೆರೆಯ ಹುಡುಗಿಯೊಬ್ಬಳು ಎದ್ದು ನಿಂತು, “ಮೇಡಂ, ನಾವು ಮುನ್ನೂರು ಜನ ಸೇರಿ ಮಾಡಿದ್ವಿ, ಆದ್ರೂ ತೆಗೀಲಿಲ್ಲ. ಐನೂರು ಜನ ಮಾಡಿದ್ರೆ ಆಗುತ್ತಾ?” ಎಂದು ಕೇಳಿದಳು. ಆಗುವುದಿಲ್ಲಮ್ಮ. ಐನೂರಕ್ಕೂ ಆಗುವುದಿಲ್ಲ, ಐದು ಸಾವಿರಕ್ಕೂ ಆಗುವುದಿಲ್ಲ, ಇಷ್ಟಾದರೆ ಸಾಕು ಎಂಬ ಸಂಖ್ಯೆಯೇ ಇಲ್ಲ. ಚೀನಾದ ಟ್ಯಾಂಗ್ ರಾಜವಂಶದ ಕಾಲದ ಹೆಂಗಸರ ತಲೆಗಟ್ಟಿನ ಬಗ್ಗೆ ಅರ್ಧ ಗಂಟೆ ನಿರರ್ಗಳವಾಗಿ ಮಾತನಾಡಬಲ್ಲ, ಮ್ಯಾಂಡರಿನ್ ಭಾಷೆಯನ್ನು ಯಾರ ನೆರವೂ ಇಲ್ಲದೆ ಕಲಿಯುತ್ತಿದ್ದ ಜಾಣೆ ಅವಳು. ಈ ಒಂದು ಮಾತು ಮಾತ್ರ ಅವಳ ತಲೆಗೆ ಇಳಿಯಲಿಲ್ಲ.

ಬಳಗದ ಮುಖ್ಯಸ್ಥರು ಬರೆದುಕೊಟ್ಟ ಒಕ್ಕಣೆಯನ್ನೇ ಎಲ್ಲರೂ ಕಳುಹಿಸುವುದು ಇನ್ನೊಂದು ಅವಾಂತರ. ಅದೇ ಅಲ್ಪವಿರಾಮ, ಅದೇ ಕಾಗುಣಿತದ ತಪ್ಪು, ಕೊನೆಯಲ್ಲಿ ‘ಇಲ್ಲಿ ನಿಮ್ಮ ದೇಶದ ಹೆಸರು ಹಾಕಿ’ ಎಂಬ ಸೂಚನೆಯೂ ಹಾಗೆಯೇ ಉಳಿದ ದೂರುಗಳು ನಮ್ಮ ಪರದೆಯ ಮೇಲೆ ಸಾಲುಗಟ್ಟುತ್ತವೆ. ಇಂಥ ಒಕ್ಕಣೆ ದೂರನ್ನು ಬಲಪಡಿಸುವುದಿಲ್ಲ. ಇದು ಸಂಘಟಿತ ದಾಳಿಯಿರಬಹುದು ಎಂಬ ಅನುಮಾನವನ್ನು ಹುಟ್ಟಿಸುತ್ತದೆ. ಕೆಲವು ವ್ಯವಸ್ಥೆಗಳಲ್ಲಿ ಪದೇ ಪದೇ ಹುರುಳಿಲ್ಲದ ದೂರು ಕೊಟ್ಟ ಖಾತೆಯ ಮುಂದಿನ ದೂರಿಗೆ ಸಿಗುವ ತೂಕವೂ ಕಡಿಮೆಯಾಗುತ್ತದೆ.

ಅಭಿಮಾನಿಗಳನ್ನೇ ಪೂರ್ತಿ ದೂರುವುದೂ ನ್ಯಾಯವಲ್ಲ. ಎಣಿಕೆಯೇ ಸರ್ವಸ್ವ ಎಂದು ಅವರಿಗೆ ಕಲಿಸಿದ್ದು ಚೀನಾದ ಮನರಂಜನಾ ಉದ್ಯಮ. ವೀಬೊದಲ್ಲಿ ತಾರೆಯರ ಶ್ರೇಯಾಂಕ ಪಟ್ಟಿಯಿತ್ತು, ಅದರಲ್ಲಿ ತಮ್ಮವರನ್ನು ಮೇಲೇರಿಸಲು ಅಭಿಮಾನಿಗಳು ಪ್ರತಿದಿನ ಪಾಳಿಯ ಮೇಲೆ ದುಡಿಯುತ್ತಿದ್ದರು. 2021ರಲ್ಲಿ ಐಚೀಯಿ ಎಂಬ ವಿಡಿಯೊ ತಾಣದ ಸ್ಪರ್ಧಾ ಕಾರ್ಯಕ್ರಮವೊಂದರಲ್ಲಿ ಪ್ರಾಯೋಜಕರ ಹಾಲಿನ ಪಾನೀಯದ ಮುಚ್ಚಳದೊಳಗಿನ ಕ್ಯೂಆರ್ ಕೋಡಿನಿಂದ ಮತ ಹಾಕುವ ಏರ್ಪಾಡಿದ್ದು, ಮುಚ್ಚಳವಷ್ಟನ್ನೇ ಇಟ್ಟುಕೊಂಡು ಹಾಲನ್ನು ಚರಂಡಿಗೆ ಸುರಿಸಿದ ದೃಶ್ಯ ಹೊರಬಿದ್ದ ಮೇಲೆ ಕಾರ್ಯಕ್ರಮವೇ ನಿಂತಿತು. ಆ ಆಗಸ್ಟ್‌ನಲ್ಲಿ ವೀಬೊ ತನ್ನ ತಾರಾ ಪಟ್ಟಿಯನ್ನು ಕೈಬಿಟ್ಟಿತು. 27ರಂದು ಚೀನಾದ ಅಂತರ್ಜಾಲ ನಿಯಂತ್ರಕ ಸಂಸ್ಥೆಯಾದ ಸೈಬರ್‌ಸ್ಪೇಸ್ ಆಡಳಿತವು ಹತ್ತು ಅಂಶಗಳ ಸೂಚನೆ ಹೊರಡಿಸಿ ಕಲಾವಿದರ ಶ್ರೇಯಾಂಕವನ್ನೂ ಹಣ ತೆತ್ತು ಹಾಕುವ ಮತವನ್ನೂ ನಿಷೇಧಿಸಿತು. ಪಟ್ಟಿ ಹೋಯಿತು, ಪಟ್ಟಿ ಬೆಳೆಸಿದ ಅಭ್ಯಾಸ ಹೋಗಲಿಲ್ಲ ಎಂಬುದು ನನ್ನ ಅನಿಸಿಕೆ.

‘ರಿಪೋರ್ಟ್ ಮಾಡಿ ಗೆದ್ದವರೂ ಇದ್ದಾರಲ್ಲ’ ಎಂದು ಕೆಲವರು 2020ರ ಘಟನೆಯನ್ನು ಮುಂದಿಡುತ್ತಾರೆ. ಹಾಗಾದರೆ ಅದನ್ನೇ ಪೂರ್ತಿಯಾಗಿ ನೋಡೋಣ. 2019ರಲ್ಲಿ ಟೆನ್ಸೆಂಟ್ ವಿಡಿಯೊದಲ್ಲಿ ಬಂದ ‘ದಿ ಅನ್‌ಟೇಮ್ಡ್’ ಧಾರಾವಾಹಿಯಿಂದ ನಟ ಶಿಯಾವೊ ಜಾನ್ ದೊಡ್ಡ ತಾರೆಯಾದರು. ಮರುವರ್ಷದ ಫೆಬ್ರವರಿಯಲ್ಲಿ ಅಭಿಮಾನಿ ಲೇಖಕರೊಬ್ಬರು ಅವರನ್ನು ಹೆಣ್ಣಿನ ರೂಪದಲ್ಲಿ ಚಿತ್ರಿಸಿದ ಕಥೆಯೊಂದನ್ನು ಎಒ3 ಎಂಬ, ಸ್ವಯಂಸೇವಕರೇ ನಡೆಸುವ ಲಾಭರಹಿತ ಕಥಾಭಂಡಾರದಲ್ಲಿ ಪ್ರಕಟಿಸಿದಾಗ, ನಟನ ಹೆಸರಿಗೆ ಮಸಿ ಬಳಿಯಲಾಯಿತೆಂದು ಸಿಟ್ಟಾದ ಅಭಿಮಾನಿಗಳು 26-27ರ ಸುಮಾರಿಗೆ ಅಧಿಕಾರಿಗಳಿಗೆ ಸಾಮೂಹಿಕವಾಗಿ ದೂರು ಕೊಡಲು ಕರೆ ಕೊಟ್ಟರು. 29ರ ಹೊತ್ತಿಗೆ ಚೀನಾದಲ್ಲಿ ಆ ತಾಣವೇ ತೆರೆಯದಂತಾಯಿತು. ಅವರಿಗೆ ಬೇಡವಾಗಿದ್ದದ್ದು ಒಂದು ಕಥೆ; ಮುಚ್ಚಿಹೋದದ್ದು ಆ ನಟನ ಹೆಸರನ್ನೇ ಕೇಳದ ಅಸಂಖ್ಯ ಬರಹಗಾರರ, ಓದುಗರ ಮನೆ. ಆ ಬರಹಗಾರರ ಕೋಪ ಅಭಿಮಾನಿಗಳ ಮೇಲಷ್ಟೇ ಅಲ್ಲ, ನಟನ ಮೇಲೂ ತಿರುಗಿತು: ಅವರು ಪ್ರಚಾರ ಮಾಡುತ್ತಿದ್ದ ಉತ್ಪನ್ನಗಳ ಬಹಿಷ್ಕಾರ ಶುರುವಾಯಿತು, ಮಾರ್ಚ್ 1ರಂದು ಅವರ ವ್ಯವಹಾರ ನೋಡಿಕೊಳ್ಳುವ ಸ್ಟುಡಿಯೊ ಕ್ಷಮೆ ಕೇಳಬೇಕಾಯಿತು. ಇದನ್ನು ಗೆಲುವು ಎನ್ನುವವರೊಂದಿಗೆ ವಾದಿಸುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ. ಅಲ್ಲದೆ ಅಲ್ಲಿ ದೂರು ಹೋದದ್ದು ಒಂದೊಂದು ವಾಕ್ಯವನ್ನು ನಿಯಮದೊಂದಿಗೆ ಹೋಲಿಸಿ ನೋಡುವ ಪರಿಶೀಲಕಿಯ ಮುಂದಕ್ಕಲ್ಲ, ತಾಣವನ್ನೇ ಮುಚ್ಚಿಸಬಲ್ಲ ಸರ್ಕಾರದ ಮುಂದಕ್ಕೆ. ನಮ್ಮ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ.

ಗುಂಪು ರಿಪೋರ್ಟಿನ ನಿಜವಾದ ಹಾನಿ ಬೇರೆಯದು. ಚೀನೀ ಧಾರಾವಾಹಿಗಳಿಗೆ ವಿಕಿಯಂಥ ತಾಣದಲ್ಲಿ ಉಪಶೀರ್ಷಿಕೆ ಬರೆಯುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ನಾಯಕಿ ನಾಯಕನನ್ನು ಕರೆದ ರೀತಿಯನ್ನು ಅನುವಾದಿಸಿದ್ದು ಇಷ್ಟವಾಗಲಿಲ್ಲವೆಂದು ಅಂಥ ಒಬ್ಬ ಹೆಂಗಸಿನ ಮನೆವಿಳಾಸವನ್ನೂ ಮಗುವಿನ ಶಾಲೆಯ ಫೋಟೊವನ್ನೂ ಯಾರೋ ಕಾಮೆಂಟಿನಲ್ಲಿ ಹಾಕಿದ್ದರು. ಆಕೆ ಕೊಟ್ಟ ಒಂದೇ ಒಂದು ದೂರು ಅದೇ ವೇಳೆಗೆ ಪೋಸ್ಟರ್ ಜಗಳದ ಬೇರೆ ಬೇರೆ ಕಾಮೆಂಟುಗಳ ಮೇಲೆ ಬಂದು ಸಾಲಿನಲ್ಲಿ ಮುಂದಾದ ದೂರುಗಳ ರಾಶಿಯಡಿ ಸಿಕ್ಕಿ, ನಮ್ಮವರ ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿತ್ತು. ವಿಳಾಸ ಆಗಲೇ ಬೇರೆ ಕಡೆಗಳಿಗೂ ಹರಡಿತ್ತು. ಆಕೆ ಉಪಶೀರ್ಷಿಕೆ ಬರೆಯುವುದನ್ನು ಬಿಟ್ಟರು.

ಹಾಗಾಗಿ ದೂರು ಕೊಡುವವರು ಬಾಧಿತರೇ ಆಗಿದ್ದರೆ ಒಳ್ಳೆಯದು. ಬೇರೆಯವರಾದರೆ ಒಬ್ಬರು ಸಾಕು. ಸ್ಕ್ರೀನ್‌ಶಾಟನ್ನು ಸಾಕ್ಷಿಗೆಂದು ಇಟ್ಟುಕೊಳ್ಳಬೇಕು, ದೂರಿನಲ್ಲಿ ಮಾತ್ರ ಆ ಕಾಮೆಂಟಿನ ಕೊಂಡಿಯನ್ನೇ ಕೊಡಬೇಕು, ಏಕೆಂದರೆ ಚಿತ್ರದಿಂದ ಮೂಲ ಕಾಮೆಂಟನ್ನು ಹುಡುಕುವುದರಲ್ಲೇ ನಮ್ಮ ಹೊತ್ತು ಹೋಗುತ್ತದೆ. ಯಾವ ವಾಕ್ಯ, ಯಾವ ನಿಯಮ ಎಂದು ಎರಡು ಸಾಲಿನಲ್ಲಿ ಸ್ವಂತ ಮಾತಿನಲ್ಲಿ ಬರೆಯಬೇಕು. ಮ್ಯಾಂಡರಿನ್ ಬೈಗುಳವಾದರೆ ಅದರ ಅರ್ಥವನ್ನೂ ಬರೆಯಬೇಕು, ನಮ್ಮ ಪರಿಶೀಲಕರೆಲ್ಲರಿಗೂ ಆ ಭಾಷೆ ಬರುವುದಿಲ್ಲ. ಭಾರತದಲ್ಲಿರುವವರಿಗೆ 2021ರ ಐಟಿ ನಿಯಮಗಳಂತೆ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ನೇರವಾಗಿ ಬರೆಯುವ ಹಕ್ಕಿದೆ. ಅವರ ಹೆಸರು, ಸಂಪರ್ಕ ವಿವರಗಳನ್ನು ವೇದಿಕೆ ಪ್ರಕಟಿಸಿರಲೇಬೇಕು, ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರ 2023ರಲ್ಲಿ ರಚಿಸಿದ ಮೇಲ್ಮನವಿ ಸಮಿತಿಗಳಿವೆ. ಬೆದರಿಕೆ ಅಥವಾ ವಿಳಾಸ ಬಹಿರಂಗಪಡಿಸಿದ ಪ್ರಕರಣವಾದರೆ ನಮ್ಮ ಉತ್ತರಕ್ಕಾಗಿ ಕಾಯದೆ ಸೈಬರ್ ಠಾಣೆಗೆ ಹೋಗುವುದೇ ಲೇಸು.