ಚೋಮ ಅರ್ಧ ದಾರಿಯಿಂದ ವಾಪಸ್ ಬಂದದ್ದೇಕೆ?

ಪ್ರಶ್ನೆ: ‘ಚೋಮನ ದುಡಿ’ ಸಿನಿಮಾ ನೋಡಿದೆ. ಕ್ರೈಸ್ತ ಮತಕ್ಕೆ ಮತಾಂತರ ಆಗಿದ್ದರೆ ಚೋಮನಿಗೆ ಪಾದ್ರಿಯಿಂದ ಭೂಮಿ ಸಿಗುತ್ತಿತ್ತು. ಜೀವಮಾನವೆಲ್ಲ ಭೂಮಿಗೇ ಹಂಬಲಿಸಿದವನು, ಮತಾಂತರಕ್ಕೆಂದು ಹೊರಟು ಅರ್ಧ ದಾರಿಯಿಂದ ಹಿಂದಿರುಗಿದ್ದೇಕೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಬಿ.ವಿ. ಕಾರಂತರ ಈ ಸಿನಿಮಾ (1975) ಮೈಸೂರಲ್ಲಿ ಎಲ್ಲಿ ತೋರಿಸಿದರೂ ಆಮೇಲಿನ ಮಾತುಕತೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ರಂಗಾಯಣ ಕಟ್ಟಿದವರಲ್ಲವೇ, ಕಾರಂತರು ನಮ್ಮೂರವರೇ ಎಂಬ ಸಲಿಗೆ ಬೇರೆ.

ಮೊದಲು ಆ ಎತ್ತುಗಳನ್ನು ನೋಡಿ. ಕಾಡಿನಲ್ಲಿ ಸಿಕ್ಕ ಜೋಡಿಯನ್ನು ಚೋಮ ಸಾಕಿಕೊಂಡಿದ್ದಾನೆ. ಇನ್ನೊಬ್ಬರ ಉಳುಮೆಗೆ ಕೊಡಲು ಮನಸ್ಸಿಲ್ಲ, ತಾನು ಹೂಡುವಂತಿಲ್ಲ. ಮನೆ ಮುಂದೆ ಎತ್ತು ಕಟ್ಟಿಕೊಂಡೂ ನೇಗಿಲು ಹೂಡಲಾಗದವನ ಸಂಕಟವನ್ನು ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಡೆಯ ಸಂಕಪ್ಪಯ್ಯನನ್ನು ಗದ್ದೆ ಕೇಳಿದರೆ, ಅಸ್ಪೃಶ್ಯರು ಬೇಸಾಯ ಮಾಡಬಾರದೆಂಬ ಕಟ್ಟಳೆ ಅಡ್ಡ. ಅವನಿಗೆ ಬೇಕಿದ್ದದ್ದು ತನ್ನೂರಲ್ಲಿ, ಒಡೆಯರ ಕಣ್ಣೆದುರಿಗೇ, ಚೋಮನಾಗಿಯೇ ಉಳುವುದು. ಪಾದ್ರಿ ಕೊಡುವ ಭೂಮಿಯನ್ನು ಉಳುವವನು ಬೇರೆ ಯಾರೋ ಆಗಿರುತ್ತಿದ್ದ.

ಮತಾಂತರದ ರುಚಿಯನ್ನು ಅವನ ಮನೆ ಆಗಲೇ ಕಂಡಿತ್ತು ಕೂಡ. ಸಾಲ ತೀರಿಸಲೆಂದು ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಚನಿಯ ಕಾಯಿಲೆ ಬಿದ್ದು ಸತ್ತ. ಗುರುವ ಕ್ರೈಸ್ತ ಹುಡುಗಿಯನ್ನು ಕಟ್ಟಿಕೊಂಡು ಆ ಮತಕ್ಕೇ ಸೇರಿದ. ಚೋಮನ ಲೆಕ್ಕದಲ್ಲಿ ಎರಡೂ ಒಂದೇ: ಮಗ ಹೋದ.

ಹಾಗಿದ್ದೂ ಹೊರಟನೇಕೆ? ಕಿರಿಮಗ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದರು. ಮೈಲಿಗೆ ಎಂದು ಯಾರೂ ಎತ್ತಲಿಲ್ಲ. ಆ ಸಿಟ್ಟೇ ಅವನನ್ನು ಎಬ್ಬಿಸಿತು. ದಾರಿಯಲ್ಲಿ ಸಿಟ್ಟು ಇಳಿಯುತ್ತ ಬಂದಂತೆ, ನಂಬಿದ ದೈವ ಹಿಂದಕ್ಕೆಳೆಯಿತು. ಇದನ್ನು ಮೌಢ್ಯ ಎಂದು ತಳ್ಳಿಹಾಕುವವರಿದ್ದಾರೆ, ನಾನಂತೂ ಒಪ್ಪುವುದಿಲ್ಲ. ಒಡೆಯ, ಸಾಲ, ತೋಟ ಎಲ್ಲ ಸೇರಿ ಕಿತ್ತುಕೊಂಡ ಮೇಲೆ ತನ್ನದು ಅಂತ ಅವನಿಗೆ ಉಳಿದಿದ್ದೇ ಆ ದೈವ, ಅವನು ಬಾರಿಸುವ ಆ ದುಡಿ ಎಂಬ ವಾದ್ಯ.

ಸಿನಿಮಾ ಮತಾಂತರದ ಪರವೋ ವಿರುದ್ಧವೋ ಎಂದು ಎಳೆದಾಡುವವರು ಇಷ್ಟು ಗಮನಿಸಲಿ: ಹುಡುಗನನ್ನು ಸಾಯಲು ಬಿಟ್ಟವರು ಮಡಿವಂತರು, ಮಗಳು ಬೆಳ್ಳಿಯನ್ನು ಮರುಳು ಮಾಡಿದ ತೋಟದ ರೈಟರ್ ಮನ್ವೇಲ ಕ್ರೈಸ್ತ.

ಚೋಮನ ಹೊಯ್ದಾಟ ಶಿವರಾಮ ಕಾರಂತರ ಮೂಲ ಕಾದಂಬರಿಯಲ್ಲಿ ಮಾತಾಗಿಯೇ ಸಿಗುತ್ತದೆ. ಸಿನಿಮಾದಲ್ಲಿ ಅದನ್ನು ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರ ಮುಖದಲ್ಲಿ ಓದಿಕೊಳ್ಳಬೇಕು. ಚಿತ್ರಕ್ಕೆ ದೇಶದ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲ ಬಂದ ವರ್ಷವೇ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಅವರಿಗೂ ಬಂತು. ಅನುಮಾನ ತೀರದಿದ್ದರೆ ಕಾದಂಬರಿ ಓದಿಕೊಂಡು ಇನ್ನೊಮ್ಮೆ ನೋಡಿ.