ವಿಂಡೋಸ್ ಹಾಕಿಸಿದ ಮೇಲೆ ಲಿನಕ್ಸ್ ಎಲ್ಲಿ ಹೋಯ್ತು?

ಶಿರಸಿ ಕಡೆ ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಆಪರೇಟಿಂಗ್ ಸಿಸ್ಟಂಗಳನ್ನೂ ಇಟ್ಟುಕೊಳ್ಳುವವರು ಇದ್ದಾರೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳಿಗೆ ವಿಂಡೋಸ್ ಬೇಕು. ಪ್ರೋಗ್ರಾಮಿಂಗ್ ಕಲಿಯೋಕೆ ಲಿನಕ್ಸ್ ಬೇಕು. ಒಂದು ದಿನ ವಿಂಡೋಸ್ ಮತ್ತೆ ಹಾಕಿಸುತ್ತಾರೆ, ಲಿನಕ್ಸ್ ಮಾಯ. ಅಂಗಡಿಗೆ ಒಯ್ದರೆ ‘ಪೂರ್ತಿ ಫಾರ್ಮ್ಯಾಟ್ ಮಾಡ್ಬೇಕು’ ಅನ್ನುವ ಉತ್ತರ ಬರುವುದುಂಟು. ನನಗೆ ಸಂಕಟವಾಗುವುದು ಇಲ್ಲೇ. ಅಡಿಕೆ ಲೆಕ್ಕ, ಮದುವೆ ಫೋಟೊ ಎಲ್ಲ ಹೆಚ್ಚಿನ ಸಲ ಡಿಸ್ಕಿನಲ್ಲಿ ಹಾಗೇ ಇರುತ್ತವೆ. ಕೆಟ್ಟಿರುವುದು, ಆನ್ ಮಾಡಿದಾಗ ವಿಂಡೋಸನ್ನೋ ಲಿನಕ್ಸನ್ನೋ ಎಬ್ಬಿಸುವ ಬೂಟ್ ಲೋಡರ್ ಎಂಬ ಪುಟ್ಟ ಪ್ರೋಗ್ರಾಂ ಅಷ್ಟೇ.

ಈ ತಕರಾರಿನ ಬೇರು 1983ರಲ್ಲಿದೆ. ಆ ವರ್ಷ ಐಬಿಎಂ ಪಿಸಿ ಎಕ್ಸ್‌ಟಿ ಹಾರ್ಡ್ ಡಿಸ್ಕ್ ಜೊತೆ ಬಂತು. ಡಿಸ್ಕಿನ ಮೊದಲ 512 ಬೈಟ್‌ಗೆ ಎಂಬಿಆರ್ ಅಂತಾರೆ. ಅದರಲ್ಲಿ 64 ಬೈಟ್ ಪಾರ್ಟಿಷನ್, ಅಂದರೆ ಡಿಸ್ಕಿನ ಭಾಗಗಳ, ಪಟ್ಟಿಗೆ, 2 ಬೈಟ್ ಗುರುತಿಗೆ. ಕಂಪ್ಯೂಟರನ್ನು ಎಬ್ಬಿಸುವ ಕೋಡಿಗೆ ಉಳಿಯುವುದು 446 ಬೈಟ್. ಇವತ್ತಿನ ಯೂನಿಕೋಡ್ ಕನ್ನಡದಲ್ಲಿ ಅಷ್ಟರೊಳಗೆ ಎರಡು ಮೂರು ಸಾಲು ಬರೆಯುವುದೂ ಕಷ್ಟ.

ಇದ್ದದ್ದು ಒಂದೇ ಜಾಗ. ಕೊನೆಗೆ ಬಂದವರು ಅದನ್ನು ಹಿಡಿಯುತ್ತಿದ್ದರು. ವಿಂಡೋಸ್ ಕೇಳದೆಯೇ ತನ್ನ ಕೋಡ್ ಬರೆಯುತ್ತಿತ್ತು. ಲಿನಕ್ಸ್ ಕೂಡ ಬರೆಯುತ್ತಿತ್ತು, ಆದರೆ ವಿಂಡೋಸನ್ನು ಹುಡುಕಿ ಮೆನುವಿಗೆ ಸೇರಿಸುತ್ತಿತ್ತು. ‘ಮೊದಲು ವಿಂಡೋಸ್, ಆಮೇಲೆ ಲಿನಕ್ಸ್’ ಅನ್ನುವ ಮಾತು ಹುಟ್ಟಿದ್ದು ಹೀಗೆ.

ಲಿನಕ್ಸ್‌ನ ಹಳೆಯ ಲೋಡರ್ ಲಿಲೊ. ಲಿನಕ್ಸ್‌ನ ತಿರುಳಾದ ಕರ್ನಲ್ ಬದಲಿಸಿದಾಗ ಲಿಲೊವನ್ನು ಮತ್ತೊಮ್ಮೆ ಓಡಿಸದಿದ್ದರೆ ಲಿನಕ್ಸ್ ಏಳುತ್ತಿರಲಿಲ್ಲ. 1995ರಲ್ಲಿ ಎರಿಕ್ ಬೊಲೆನ್ ಶುರು ಮಾಡಿದ ಗ್ರಬ್ ಜಾಣ. ಅದಕ್ಕೆ ಡಿಸ್ಕಿನಲ್ಲಿರುವ ಕಡತಗಳನ್ನು ಓದಲು ಬರುತ್ತದೆ. ಆದರೆ ಇಡೀ ಗ್ರಬ್ 446 ಬೈಟಿನಲ್ಲಿ ಹಿಡಿಯುವುದಿಲ್ಲ. ಅದರ ಉಳಿದ ಭಾಗ ಸಾಮಾನ್ಯವಾಗಿ ಲಿನಕ್ಸ್ ಪಾರ್ಟಿಷನ್‌ನಲ್ಲೇ ಇರುತ್ತದೆ. ವಿಂಡೋಸ್‌ನಲ್ಲಿ ಕೂತು ಆ ಪಾರ್ಟಿಷನ್ ಅಳಿಸಿದಿರಿ ಅನ್ನಿ. ಮುಂದಿನ ಸಲ ಆನ್ ಮಾಡಿದಾಗ ಕಪ್ಪು ತೆರೆ, ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದ, ಮಿನುಗುವ ಕರ್ಸರ್. ವಿಂಡೋಸೂ ಏಳುವುದಿಲ್ಲ!

ಮದರ್‌ಬೋರ್ಡಿನಲ್ಲೇ ಇದ್ದು ಕಂಪ್ಯೂಟರನ್ನು ಎಬ್ಬಿಸುವ ಹೊಸ ತಂತ್ರಾಂಶ ಯುಇಎಫ್‌ಐ ಬಂದ ಮೇಲೆ ಜಾಗದ ಜಗಳ ಮುಗಿಯಿತು. ಬೂಟ್ ಲೋಡರ್‌ಗಳಿಗೇ ಮೀಸಲಾದ ಪಾರ್ಟಿಷನ್‌ನಲ್ಲಿ ಪ್ರತಿ ವ್ಯವಸ್ಥೆಗೂ ಬೇರೆ ಫೋಲ್ಡರ್. ಉಳಿದದ್ದು ಸರದಿಯ ಜಗಳ. ಯಾರು ಮೊದಲು ಅನ್ನುವ ಪಟ್ಟಿ ಮದರ್‌ಬೋರ್ಡಿನ ಮೆಮೊರಿಯಲ್ಲಿರುತ್ತದೆ. ವಿಂಡೋಸ್ ಹಾಕಿದಾಗ ಅದು ತನ್ನ ಹೆಸರನ್ನೇ ಮೇಲಿಡುತ್ತದೆ. ಮದರ್‌ಬೋರ್ಡಿನ ಸೆಟಪ್‌ಗೆ ಹೋಗಿ ಸರದಿ ಬದಲಿಸಿದರೆ ಎಷ್ಟೋ ಸಲ ಕೆಲಸ ಮುಗಿಯಿತು.

2012ರಲ್ಲಿ ವಿಂಡೋಸ್ 8 ಜೊತೆ ಸೆಕ್ಯೂರ್ ಬೂಟ್ ಬಂತು. ಅದು ಆನ್ ಇದ್ದರೆ ಡಿಜಿಟಲ್ ಸಹಿ ಇಲ್ಲದ ಲೋಡರ್‌ಗೆ ಪ್ರವೇಶವಿಲ್ಲ. ಲಿನಕ್ಸ್‌ನವರು ಗ್ರಬ್‌ಗಿಂತ ಮೊದಲು ಓಡುವ ಶಿಮ್ ಎಂಬ ಸಣ್ಣ ಪ್ರೋಗ್ರಾಂಗೆ ಮೈಕ್ರೋಸಾಫ್ಟ್ ಸಹಿ ಪಡೆದರು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೆಯ ಶಿಮ್‌ಗಳನ್ನು ತಡೆಯಿತು. ಎರಡು ವ್ಯವಸ್ಥೆ ಇರುವ ಯಂತ್ರಗಳಿಗೆ ಅದು ತಾಗಬಾರದಿತ್ತು, ತಾಗಿತು. ಪೂರ್ತಿ ಪರಿಹಾರ ಸಿಕ್ಕಿದ್ದು 2025ರ ಮೇನಲ್ಲಿ. ಲಿನಕ್ಸ್ ಏಳಬೇಕಾದರೆ ಇನ್ನೊಬ್ಬರ ಸಹಿ ಬೇಕು ಅನ್ನುವ ಸ್ಥಿತಿ ನನಗಂತೂ ಸರಿ ಕಾಣುವುದಿಲ್ಲ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಯುಪಿಎಸ್ ಇಲ್ಲದೆ ಪಾರ್ಟಿಷನ್ ಮುಟ್ಟಬೇಡಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಯಾರಾದರೂ ಫಾರ್ಮ್ಯಾಟ್ ಅಂದರೆ, ಮೊದಲು ಪೆನ್ ಡ್ರೈವ್‌ನಿಂದ ಲಿನಕ್ಸ್ ಎಬ್ಬಿಸಿ ಕಡತಗಳನ್ನು ಕಾಪಿ ಮಾಡಿಕೊಡಿ ಅನ್ನಿ.