ದಡದಲ್ಲಿ ಸರಿಯಿರುವ ಔಟ್‌ಬೋರ್ಡ್ ಎಂಜಿನ್ ಕಡಲಲ್ಲಿ ಸೊರಗುವುದೇಕೆ?

ಪ್ರಶ್ನೆ: ನಮ್ಮ ನಾಡದೋಣಿಗೆ 9.9 ಅಶ್ವಶಕ್ತಿಯ, ಎರಡು ಸಿಲಿಂಡರಿನ, ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಇದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುತ್ತೇವೆ. ದಡದ ಬಳಿ ಚೆನ್ನಾಗಿಯೇ ಓಡುತ್ತದೆ. ಆದರೆ ಬಲೆ ಹೇರಿಕೊಂಡು ಹೊರಟರೆ ಪೂರ್ತಿ ಥ್ರಾಟಲ್ ಕೊಟ್ಟರೂ ವೇಗ ಏರುವುದಿಲ್ಲ. ಕಾರ್ಬ್ಯುರೇಟರನ್ನು ಎರಡು ಸಲ ತೊಳೆಸಿದರೂ ಪ್ರಯೋಜನವಾಗಲಿಲ್ಲ. ದೋಷ ಎಲ್ಲಿರಬಹುದು?

ಉತ್ತರ: ಕಾರ್ಬ್ಯುರೇಟರನ್ನು ಮೂರನೆಯ ಸಲ ಬಿಚ್ಚಿಸುವ ಮೊದಲು ಒಂದು ಸಂಗತಿಯನ್ನು ಕಿವಿಗೊಟ್ಟು ಕೇಳಿ. ಥ್ರಾಟಲ್ ಪೂರ್ತಿ ತಿರುಗಿಸಿದಾಗ ಎಂಜಿನ್ನಿನ ಸದ್ದು ಏರಿಯೂ ದೋಣಿ ಮುಂದಕ್ಕೆ ಹೋಗುತ್ತಿಲ್ಲವೋ, ಅಥವಾ ಸದ್ದೇ ಏರದೆ ಕುಗ್ಗುತ್ತಿದೆಯೋ? ಮುಂದಿನ ಹುಡುಕಾಟವೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಸದ್ದು ಏರುತ್ತಿದ್ದರೆ ಎಂಜಿನ್ನಿನಲ್ಲಿ ಶಕ್ತಿಯಿದೆ, ಅದು ನೀರಿಗೆ ತಲುಪುತ್ತಿಲ್ಲ ಎಂದರ್ಥ. ಪ್ರೊಪೆಲ್ಲರಿನ ಒಳಗಿನ ರಬ್ಬರ್ ಬುಷ್ ಸಡಿಲವಾದರೆ ಭಾರ ಬಿದ್ದಾಗ ಅದು ಜಾರುತ್ತದೆ. ಬುಷ್‌ನ ಒಳಭಾಗದಿಂದ ಪ್ರೊಪೆಲ್ಲರಿನ ಹೊರಭಾಗದವರೆಗೆ ಬಣ್ಣದ ಒಂದು ನೇರ ಗೆರೆ ಎಳೆದು, ಓಡಿಸಿ ಬಂದ ಮೇಲೆ ನೋಡಿ. ಗೆರೆ ತುಂಡಾಗಿದ್ದರೆ ಅಲ್ಲಿಯೇ ದೋಷವಿದೆ. ಎಂಜಿನ್ನನ್ನು ತೀರಾ ಎತ್ತರಕ್ಕೆ ಕಟ್ಟಿದ್ದರೆ ಪ್ರೊಪೆಲ್ಲರ್ ಗಾಳಿಯನ್ನು ಎಳೆದುಕೊಳ್ಳುವುದರಿಂದಲೂ ಹೀಗಾಗುತ್ತದೆ.

ನಿಮ್ಮ ವಿವರಣೆ ಓದಿದರೆ ಸದ್ದು ಕುಗ್ಗುವ ಸಾಧ್ಯತೆಯೇ ಹೆಚ್ಚೆಂದು ತೋರುತ್ತದೆ. ಭಾರವಿಲ್ಲದೆ ಓಡುವ ಎಂಜಿನ್ನಿಗೆ ಬಹಳ ಕಡಿಮೆ ಇಂಧನ ಸಾಕು. ಆದ್ದರಿಂದ ದಡದಲ್ಲಿ ಮಾಡಿದ ಪರೀಕ್ಷೆ ಇಂಧನದ ಕೊರತೆಯನ್ನು ಬಯಲು ಮಾಡುವುದಿಲ್ಲ. ದೋಣಿಗೆ ಎಂದಿನಷ್ಟೇ ಭಾರ ಹಾಕಿ, ಅಳಿವೆಯ ಒಳಗಿನ ಶಾಂತ ನೀರಿನಲ್ಲಿ, ಒಬ್ಬರು ಎಂಜಿನ್ ಹಿಡಿದಿರುವಾಗ ಇನ್ನೊಬ್ಬರು ಇಂಧನದ ಪೈಪಿನಲ್ಲಿರುವ ರಬ್ಬರ್ ಬಲ್ಬನ್ನು ಅದುಮಬೇಕು. ಅದುಮಿದೊಡನೆ ಎಂಜಿನ್ ಚೇತರಿಸಿಕೊಂಡರೆ ಇಂಧನ ಪಂಪಿನ ಡಯಾಫ್ರಾಮ್ (ಇಂಧನವನ್ನು ತಳ್ಳುವ ತೆಳು ಪೊರೆ) ಸೋತಿರಬಹುದು, ಇಲ್ಲವೇ ಪೈಪಿನ ಜೋಡಣೆಯಲ್ಲಿ ಗಾಳಿ ನುಸುಳುತ್ತಿರಬಹುದು. ಬಲ್ಬ್ ತಾನಾಗಿಯೇ ಚಪ್ಪಟೆಯಾಗಿದ್ದರೆ ಅಡಚಣೆ ಟ್ಯಾಂಕಿನ ಕಡೆಗಿದೆ: ಮುಚ್ಚಳದ ಗಾಳಿ ಸ್ಕ್ರೂ ತೆರೆದಿಲ್ಲ, ಅಥವಾ ಒಳಗಿನ ಜಾಲರಿ ಕಟ್ಟಿಕೊಂಡಿದೆ. ಗಾಳಿ ಸ್ಕ್ರೂ ಮರೆತು ಮುಚ್ಚಿಯೇ ಉಳಿಯುವುದು ಅಪರೂಪವೇನಲ್ಲ, ಅದನ್ನೇ ಮೊದಲು ನೋಡಿ. ಟ್ಯಾಂಕಿನ ತಳದ ಇಂಧನವನ್ನು ಗಾಜಿನ ಬಾಟಲಿಗೆ ತುಂಬಿ ಸ್ವಲ್ಪ ಹೊತ್ತು ಇಟ್ಟರೆ, ಸೇರಿರುವ ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ.

ಸೀಮೆಎಣ್ಣೆಯ ವಿಷಯಕ್ಕೆ ಪ್ರತ್ಯೇಕ ಗಮನ ಬೇಕು. ಅದು ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಎಂಜಿನ್ ಬಿಸಿಯಾಗುವ ಮೊದಲೇ ಸೀಮೆಎಣ್ಣೆಗೆ ಬದಲಾಯಿಸಿದರೆ, ಅಥವಾ ಬಲೆ ಬಿಡುವಾಗ ದೀರ್ಘಕಾಲ ನಿಧಾನಗತಿಯಲ್ಲಿ ಓಡಿಸಿದರೆ, ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗುಗಳ ಮೇಲೆ ಮಸಿ ಮತ್ತು ಎಣ್ಣೆ ಕೂತು ಒಂದು ಸಿಲಿಂಡರ್ ಕೆಲಸ ನಿಲ್ಲಿಸುತ್ತದೆ. ಆಗಲೂ ಎಂಜಿನ್ ನಿಲ್ಲುವುದಿಲ್ಲ, ಬಲ ಮಾತ್ರ ಅರ್ಧಕ್ಕಿಂತಲೂ ಕೆಳಗೆ ಕುಸಿಯುತ್ತದೆ. ಎಂಜಿನ್ ಆರಿಸಿ, ಎರಡೂ ಪ್ಲಗ್ಗುಗಳನ್ನು ಬಿಚ್ಚಿ ಪಕ್ಕಪಕ್ಕದಲ್ಲಿಟ್ಟು ನೋಡಿ: ಒಂದು ಒಣಗಿ ಕಂದು ಬಣ್ಣದಲ್ಲಿದ್ದು ಇನ್ನೊಂದು ಕಪ್ಪಗೆ ಒದ್ದೆಯಾಗಿದ್ದರೆ, ಒದ್ದೆಯಾದ ಸಿಲಿಂಡರಿನ ಕಡೆಗೆ ಗಮನ ಕೊಡಿ. ಹೊಸ ಪ್ಲಗ್ ಹಾಕಿದ ಮೇಲೂ ಅದೇ ಒದ್ದೆಯಾದರೆ ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಮತ್ತು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಪರೀಕ್ಷೆ ಮೆಕ್ಯಾನಿಕ್ ಮಾಡಬೇಕಾದ ಕೆಲಸ. ಎಂಜಿನ್ ಆರಿಸುವ ಮೊದಲು ಕೆಲವು ನಿಮಿಷ ಪೆಟ್ರೋಲಿನಲ್ಲಿ ಓಡಿಸಿದರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿಯುವುದಿಲ್ಲ, ಮರುದಿನದ ಸ್ಟಾರ್ಟ್ ಸುಲಭವಾಗುತ್ತದೆ.

ಆರಂಭದಲ್ಲಿ ಸರಿಯಾಗಿ ಓಡಿ, ಹತ್ತಿಪ್ಪತ್ತು ನಿಮಿಷದ ನಂತರ ಸೊರಗುವುದಾದರೆ ಶಾಖವನ್ನು ಶಂಕಿಸಬೇಕು. ತಂಪುನೀರಿನ ಸಣ್ಣ ಧಾರೆ ಹೊರಗೆ ಚಿಮ್ಮುತ್ತಿದೆಯೇ ನೋಡಿ. ಮರಳು ತುಂಬಿದ ಅಳಿವೆಯ ನೀರನ್ನು ಹೀರುವ ಎಂಜಿನ್ನುಗಳಲ್ಲಿ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಬೇಗ ಸವೆಯುತ್ತದೆ, ಉಪ್ಪು ಒಳದಾರಿಗಳನ್ನು ಕಟ್ಟುತ್ತದೆ. ಧಾರೆ ನಿಂತಿದ್ದರೆ ತಕ್ಷಣ ಆರಿಸಿ. ಮುಂದುವರಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳಲ್ಲಿ 10 ಅಶ್ವಶಕ್ತಿಯವರೆಗಿನ ನಾಡದೋಣಿಗಳಿಗೆ ಮಾತ್ರ ಕಡಲಿಗಿಳಿಯಲು ಅವಕಾಶವಿದೆ, ಕಡಲು ಅತ್ಯಂತ ಪ್ರಕ್ಷುಬ್ಧವಾಗಿರುವುದೂ ಆಗಲೇ. ಆದ್ದರಿಂದ ಈ ಪರೀಕ್ಷೆಗಳನ್ನು ಮಳೆಗಾಲಕ್ಕೆ ಮೊದಲೇ ಮುಗಿಸಿ, ಒಂದು ಜೊತೆ ಪ್ಲಗ್, ಪ್ಲಗ್ ಪಾನಾ ಮತ್ತು ಒಂದು ಬಲ್ಬನ್ನು ದೋಣಿಯಲ್ಲಿಯೇ ಇಟ್ಟುಕೊಳ್ಳಿ.